ಅಂಚಿಲ್ಲದ ಮಾತು: ಅದರ ಅರ್ಥವೂ ಉಪಯೋಗವೂ

(ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಕೋಗಿಲಬನದಲ್ಲಿ ಮಾಡಿದ ಉಪನ್ಯಾಸ)

 

ಮಠದ ಮಹೋತ್ಸವದಲ್ಲಿ ಮಾತನಾಡಲಿಕ್ಕೆ ನಿಂತವನು ಶರಣರ ಚರಿತ್ರೆಯನ್ನೋ ಧರ್ಮದ ತತ್ತ್ವವನ್ನೋ ಹೇಳಬೇಕೆಂದು ತಾವು ಬಯಸುವುದು ಸಹಜವು. ಅದನ್ನು ಬಿಟ್ಟು, ನಿಶ್ಚಿತವಾದ ಅಂಚಿಲ್ಲದ ಮಾತುಗಳ ವಿಚಾರವನ್ನು ಎತ್ತಿಕೊಳ್ಳುವುದು ವಿದ್ವಾಂಸರ ಬಿಡುವಿನ ಕಸುಬೆಂದು ಕೆಲವರಿಗೆ ತೋರೀತು. ಆದರೆ ಈ ವಿಷಯವನ್ನು ನಾನು ದೂರದಿಂದ ಹೊತ್ತು ತಂದಿಲ್ಲ. ಅದು ಈ ಊರಿನ ಹೆಸರಿನಲ್ಲಿಯೇ ಇರುವುದು. ಕೋಗಿಲೆ ಎಂಬುದು ಸಂದೇಹವಿಲ್ಲದ ಮಾತು. ಕೂಗು ಕೇಳಿದ ಮಗುವಿಗೂ ಗುರುತು ಸಿಕ್ಕುವುದು. ಆದರೆ ಬನ? ಎಷ್ಟು ಮರಗಳು ಕೂಡಿದರೆ ಬನವಾಗುವುದು? ಬನವು ಎಷ್ಟು ದಟ್ಟವಾದರೆ ಕಾಡಾಗುವುದು? ಕಾಡು ಯಾವ ಮರದ ಬುಡದಲ್ಲಿ ಮುಗಿದು ಊರು ಆರಂಭವಾಗುವುದು? ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ಸೀಮೆಯ ಜನರಿಗೆ ಇದು ಹರಟೆಯ ಪ್ರಶ್ನೆಯಲ್ಲ. ಅನೇಕರ ಮನೆಯೂ ಹೊಲವೂ ಇದರ ಉತ್ತರದ ಮೇಲೆ ನಿಂತಿರುತ್ತವೆ. ಅಲ್ಲಿಗೆ ಬರುವ ಮೊದಲು ಮಾತಿನ ಸ್ವರೂಪವನ್ನು ಸ್ವಲ್ಪ ಹೊತ್ತು ವಿಚಾರಿಸುವಾ. 'ಸ್ವಲ್ಪ ಹೊತ್ತು' ಎಂದೆನಲ್ಲದೆ ಇಷ್ಟು ನಿಮಿಷವೆಂದು ಹೇಳಲಿಲ್ಲವೆಂಬುದನ್ನು ಶ್ರೋತೃಗಳು ಈಗಲೇ ಗಮನಿಸಬೇಕು.

ಥಟ್ಟನೆ ತಿಳಿಯದ ಮಾತುಗಳೆಲ್ಲವೂ ಒಂದೇ ಜಾತಿಯವಲ್ಲ. ಕೆಲವು ಎರಡರ್ಥದ ಮಾತುಗಳು. 'ಕಾಡು' ಎಂದರೆ ಅರಣ್ಯವೂ ಹೌದು, ಪೀಡಿಸು ಎಂಬುದೂ ಹೌದು. 'ಅರಸು' ಎಂದರೆ ದೊರೆಯೂ ಹೌದು, ಹುಡುಕು ಎಂಬುದೂ ಹೌದು. ಸಂದರ್ಭವನ್ನು ನೋಡಿದೊಡನೆ ಇಲ್ಲಿ ತೊಡಕು ಹರಿಯುತ್ತದೆ. ಕವಿಗಳಂತೂ ಇದನ್ನೇ ಶ್ಲೇಷೆಯೆಂದು ಆಭರಣ ಮಾಡಿಕೊಂಡರು. ಬೇರೆ ಕೆಲವು ಬೇಕೆಂದೇ ಮುಚ್ಚಿಟ್ಟ ಮಾತುಗಳು. ಅಲ್ಲಮಪ್ರಭುಗಳ ಬೆಡಗಿನ ವಚನಗಳು ಈ ಜಾತಿಯವು. ಮೇಲುನೋಟಕ್ಕೆ ಲೋಕದಲ್ಲಿ ಎಲ್ಲಿಯೂ ಕಾಣದ ಚಿತ್ರಗಳು. ಆದರೆ ಹಿಂದಿನ ಟೀಕಾಕಾರರು ಇದು ಜೀವ, ಇದು ಮಾಯೆ, ಇದು ದೇಹ ಎಂದು ಒಂದೊಂದು ಪದದ ಗಂಟನ್ನೂ ಬಿಡಿಸಿ ತೋರಿಸಿರುತ್ತಾರೆ. ಬೆಡಗು ಬೀಗ ಹಾಕಿದ ಮನೆ. ಗುರುಮುಖದಿಂದ ಕೀಲಿಕೈ ದೊರೆತರೆ ಒಳಗಿನ ಪದಾರ್ಥಗಳೆಲ್ಲ ತಮ್ಮ ತಮ್ಮ ಸ್ಥಳದಲ್ಲಿಯೇ ಕಾಣುವವು. ಬೆಡಗನ್ನು ಅಸ್ಪಷ್ಟವೆಂದು ತಳ್ಳಿಬಿಡುವ ವಿಮರ್ಶೆಯನ್ನು ನಾನು ಒಪ್ಪಲಾರೆನು.

ಈ ಹೊತ್ತಿನ ವಿಷಯ ಇವೆರಡೂ ಅಲ್ಲ. ಮುದುಕ, ಬಡವ, ದೂರ, ಎತ್ತರ, ಸಂಜೆ, ರಾಶಿ, ಕಾಡು ಎಂಬಂಥ ಮಾತುಗಳಲ್ಲಿ ಬೀಗವೂ ಇಲ್ಲ, ಕೀಲಿಯೂ ಇಲ್ಲ. ಬಾಗಿಲು ತೆರೆದೇ ಇದೆ. ಮನೆಯ ಗೋಡೆ ಎಲ್ಲಿ ಮುಗಿಯಿತೆಂಬುದು ಮಾತ್ರ ಗೊತ್ತಾಗುವುದಿಲ್ಲ. ತರ್ಕಶಾಸ್ತ್ರದಲ್ಲಿ ಸಂಶಯಕ್ಕೆ ಒಂದು ಹಳೆಯ ದೃಷ್ಟಾಂತವುಂಟು: ಮುಸ್ಸಂಜೆಯಲ್ಲಿ ದೂರದಿಂದ ಕಂಡದ್ದು ಮೋಟುಮರವೋ ಮನುಷ್ಯನೋ ಎಂಬುದು. ಅಲ್ಲಿ ಹತ್ತಿರ ಹೋದರೆ ಸಂಶಯ ತೀರುತ್ತದೆ. ದೀಪ ಹಿಡಿದರೆ ಇನ್ನೂ ಬೇಗನೆ ತೀರುತ್ತದೆ. ಆದರೆ ಕಾಡಿನ ಅಂಚಿಗೆ ಹತ್ತಿರ ಹೋಗಿ ನೋಡಿರಿ. ಒಂದೊಂದು ಮರವೂ ಸ್ಪಷ್ಟ, ಒಂದೊಂದು ಎಲೆಯೂ ಸ್ಪಷ್ಟ. ಆದರೂ ಕಾಡು ಇಲ್ಲಿಂದ ಆರಂಭವೆಂದು ಕಾಲಿನಿಂದ ಗೀರೆಳೆಯಲಾರಿರಿ. ಕಣ್ಣಿನ ದೋಷವಲ್ಲ, ಬೆಳಕಿನ ಕೊರತೆಯಲ್ಲ. ಆ ಮಾತಿಗೇ ಗೆರೆಯಿಲ್ಲ.

ಸುಗ್ಗಿಯ ಕಣವನ್ನು ನೆನೆಯಿರಿ. ತೂರಿದ ಕಾಳು ರಾಶಿಯಾಗಿ ಬಿದ್ದಿದೆ. ಒಂದು ಕಾಳನ್ನು ತೆಗೆದರೆ ಅದು ರಾಶಿಯಲ್ಲವೆನ್ನುವರೇ? ಇಲ್ಲ. ಇನ್ನೊಂದನ್ನು? ಆಗಲೂ ಇಲ್ಲ. ಹೀಗೆಯೇ ತೆಗೆಯುತ್ತ ಹೋದರೆ ಕಡೆಗೆ ಮೂರು ಕಾಳು ಉಳಿಯುವವು. ಅದನ್ನು ಯಾರೂ ರಾಶಿಯೆನ್ನರು. ಹಾಗಾದರೆ ಯಾವ ಕಾಳಿನಲ್ಲಿ ರಾಶಿ ಹೋಯಿತು? ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಕರ ಮಿಲೇಟಸ್ ಪಟ್ಟಣದ ಯೂಬುಲಿಡೀಸನೆಂಬ ತಾರ್ಕಿಕನ ಹೆಸರಿನಲ್ಲಿ ಬಂದಿರುವ ಈ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರವು ಇದುವರೆಗೆ ದೊರೆತಿಲ್ಲ. 1923ರಲ್ಲಿ ಇಂಗ್ಲಂಡದ ಬರ್ಟ್ರಂಡ್ ರಸೆಲ್ ಎಂಬ ತತ್ತ್ವಜ್ಞನು ಇದೇ ವಿಷಯದ ಮೇಲೆ ಒಂದು ಪ್ರಬಂಧವನ್ನು ಪ್ರಕಟಿಸಿದನು. ಎಷ್ಟು ಕೂದಲು ಉದುರಿದರೆ ಮನುಷ್ಯನು ಬೋಳನಾಗುವನೆಂದು ಕೇಳಿ, ಮಸುಕಿರುವುದು ವಸ್ತುಗಳಲ್ಲಿ ಅಲ್ಲ, ನಾವು ಅವುಗಳನ್ನು ಹೇಳುವ ರೀತಿಯಲ್ಲಿ ಎಂದು ಆತನು ವಾದಿಸಿದನು. ಆ ಮಾತಿನಲ್ಲಿ ಹುರುಳಿದೆ. ಮರಗಳು ತಮ್ಮಷ್ಟಕ್ಕೆ ತಾವು ನಿಂತಿವೆ. ಬನವೆಂದವರೂ ಕಾಡೆಂದವರೂ ನಾವು.

ಇನ್ನು ನಮ್ಮ ಒಕ್ಕಲಿಗನು ಈ ತಾರ್ಕಿಕನಿಗೆ ಏನು ಹೇಳುತ್ತಿದ್ದನು? ಆತನು ವಾದಕ್ಕೆ ನಿಲ್ಲುತ್ತಿರಲಿಲ್ಲ. ರಾಶಿಗೆ ಮೊದಲು ಪೂಜೆ ಮಾಡುವನು, ಆಮೇಲೆ ಅಳೆಯುವನು. ಪೂಜೆಗೆ ರಾಶಿಯೆಂಬ ಮಾತು ಸಾಕು. ಸಾಲಗಾರನ ಲೆಕ್ಕಕ್ಕೆ ಸಾಲದು. ಅಳೆಯುವಾಗಲೂ ಮೊದಲನೆಯ ಅಳತೆಗೆ 'ಒಂದು' ಎನ್ನದೆ 'ಲಾಭ' ಎಂದು ಎಣಿಕೆ ಹಿಡಿಯುವ ರೂಢಿಯು ನಮ್ಮಲ್ಲಿತ್ತು. ಲೆಕ್ಕದ ಬಾಯಲ್ಲಿಯೂ ಲೆಕ್ಕಕ್ಕೆ ಸಿಗದ ಒಂದು ಮಾತನ್ನು ಇಟ್ಟವರು ಲೆಕ್ಕ ಬಾರದವರೆಂದು ತಿಳಿಯಬಾರದು.

ಕನ್ನಡವು ಈ ವಿಷಯದಲ್ಲಿ ಬಹಳ ಸಮೃದ್ಧವಾದ ಭಾಷೆಯು. ಒಂದೆರಡು, ಮೂರುನಾಲ್ಕು, ಐದಾರು, ಏಳೆಂಟು, ಹತ್ತಿಪ್ಪತ್ತು ಎಂದು ಎರಡು ಖಚಿತವಾದ ಸಂಖ್ಯೆಗಳನ್ನು ಕೂಡಿಸಿ ಒಂದು ಅನಿಶ್ಚಿತವಾದ ಸಂಖ್ಯೆಯನ್ನು ಹುಟ್ಟಿಸುತ್ತೇವೆ. ಯಾರು ಎಂಬುದಕ್ಕೆ ಒಂದು ಓಕಾರ ಹತ್ತಿದರೆ ಯಾರೋ. ಹಾಗೆಯೇ ಎಲ್ಲೋ, ಎಂದೋ, ಏನೋ. ಪ್ರಶ್ನೆಯು ಉತ್ತರಕ್ಕಾಗಿ ಕಾಯುವುದನ್ನು ಬಿಟ್ಟು ಸುಮ್ಮನೆ ಕುಳಿತುಕೊಳ್ಳಲಿಕ್ಕೆ ಇಷ್ಟು ಸಣ್ಣ ಪ್ರತ್ಯಯವೊಂದು ಸಾಕು. ಅಳತೆಗೆ ಬಂದರೆ ಹಿಡಿ, ಚಿಟಿಕೆ, ಬೊಗಸೆ, ಗೇಣು, ಮಾರು. ಇವು ಅವರವರ ಮೈಯಿಂದಲೇ ಹುಟ್ಟಿದ ಅಳತೆಗಳು. ಮಗುವಿನ ಹಿಡಿ ಬೇರೆ, ಒಕ್ಕಲಿಗನ ಹಿಡಿ ಬೇರೆ. ಕಾಡಿನ ನಾಡಿನಲ್ಲಿ ದೂರವನ್ನು ಕೂಗಳತೆಯೆಂದು ಹೇಳುವುದುಂಟು. ಇದನ್ನು ಗಜದಲ್ಲಿ ಕೇಳಿದರೆ ಉತ್ತರವಿಲ್ಲ. ಆದರೆ ಹುಲಿಯ ಸುಳಿವಿರುವ ಕಾಡಿನಲ್ಲಿ ಒಂಟಿ ಮನೆಯವನಿಗೆ ಬೇಕಾದ ದೂರವು ಗಜದ್ದಲ್ಲ, ಕೂಗಿದರೆ ಕೇಳೀತೋ ಇಲ್ಲವೋ ಎಂಬುದೇ ಆಗಿರುತ್ತದೆ.

ಇದಕ್ಕೆ ಪ್ರತಿಯಾಗಿ, ಖಚಿತವೆಂದು ಕಾಣುವ ಮಾತೂ ಕಾಲಾಂತರದಲ್ಲಿ ಮಸುಕಾಗುವುದುಂಟು. ನಮ್ಮ ಶಾಸನಗಳಲ್ಲಿ ಇಷ್ಟು ಮತ್ತರು ಭೂಮಿಯನ್ನು ದತ್ತಿ ಬಿಟ್ಟರೆಂದು ಅಂಕಿಯ ಸಹಿತ ಕೆತ್ತಿರುತ್ತದೆ. ಅಂದಿನವರಿಗೆ ಅದು ಗೆರೆ ಕೊರೆದ ಮಾತು. ಆದರೆ ಮತ್ತರು ನಿಂತದ್ದು ಅಳೆಯುವ ಕೋಲಿನ ಮೇಲೆ. ಕೋಲು ಊರಿಂದೂರಿಗೆ ಬೇರೆಯಾಗಿತ್ತು. ಕೋಲುಗಳು ಹೋದವು, ಕಲ್ಲು ಉಳಿಯಿತು. ಈಗ ಅದು ಎಷ್ಟು ಎಕರೆಯೆಂದು ವಿದ್ವಾಂಸರು ಚರ್ಚೆ ಮಾಡಬೇಕಾಗಿದೆ. ಅದೇ ಶಾಸನದ ಕೊನೆಯಲ್ಲಿ ಬರುವ 'ಆಚಂದ್ರಾರ್ಕ' ಎಂಬ ಮಾತಿಗೆ ಅಳತೆಯೇ ಇಲ್ಲ. ಚಂದ್ರಸೂರ್ಯರಿರುವ ತನಕ ಎಂಬುದನ್ನು ತಿಳಿಯಲಿಕ್ಕೆ ಮಾತ್ರ ಯಾವ ವಿದ್ವಾಂಸನೂ ಬೇಕಾಗಿಲ್ಲ.

ಈಗ ಉಪಯೋಗದ ವಿಚಾರಕ್ಕೆ ಬರುವಾ. ದಾಸೋಹದ ಪಂಕ್ತಿಯಲ್ಲಿ ಕುಳಿತವರು 'ಸ್ವಲ್ಪ ಹಾಕಿರಿ' ಎನ್ನುತ್ತಾರೆ. ಬಡಿಸುವವನು ಎಷ್ಟು ತೊಲವೆಂದು ಕೇಳುವುದಿಲ್ಲ. ಮುಖ ನೋಡುತ್ತಾನೆ, ವಯಸ್ಸು ನೋಡುತ್ತಾನೆ, ನಡೆದು ಬಂದವನೋ ಬಂಡಿಯಲ್ಲಿ ಬಂದವನೋ ಎಂಬುದನ್ನು ನೋಡುತ್ತಾನೆ. ಸೌಟು ತಾನಾಗಿಯೇ ಓರೆಯಾಗುತ್ತದೆ. ಹಸಿದ ಮುದುಕನ 'ಸ್ವಲ್ಪ'ಕ್ಕೂ ಹೊಟ್ಟೆ ತುಂಬಿದ ಶ್ರೀಮಂತನ 'ಸ್ವಲ್ಪ'ಕ್ಕೂ ಅಂತರವಿರುವುದನ್ನು ಆ ಸೌಟು ಬಲ್ಲದು. ಎಲ್ಲರಿಗೂ ಇಷ್ಟೇ ಎಂದು ತೂಕ ಕಟ್ಟಿದ ಪಂಕ್ತಿಯಲ್ಲಿ ಅನ್ಯಾಯವೂ ಸಮನಾಗಿ ಬಡಿಸಲ್ಪಡುತ್ತದೆ.

ಹಾಗೆಯೇ ಮಠಕ್ಕೆ ಕಾಣಿಕೆಯನ್ನು ಕೇಳುವಾಗ 'ಕೈಲಾದಷ್ಟು' ಎನ್ನುವ ರೂಢಿ. ಇದು ಮಸುಕು ಮಾತುಗಳಲ್ಲೆಲ್ಲ ನನಗೆ ಹೆಚ್ಚು ಗೌರವದ್ದಾಗಿ ತೋರುತ್ತದೆ. ಮನೆಗೆ ನೂರು ರೂಪಾಯಿಯೆಂದು ನಿಶ್ಚಯಿಸಿದರೆ ಕೂಲಿಯವನಿಗೆ ಅದು ಬೆಟ್ಟ, ವ್ಯಾಪಾರಿಗೆ ಸಾಸಿವೆ. ಕೈಲಾದಷ್ಟು ಎಂದಾಗ ಪ್ರತಿಯೊಬ್ಬನೂ ತನ್ನ ಕೈಯನ್ನು ತಾನೇ ಅಳೆದುಕೊಳ್ಳಬೇಕಾಗುವುದು. ಬಲ್ಲಿದನು ಇದೇ ಮಾತಿನ ಮರೆಯಲ್ಲಿ ಕೈಯನ್ನು ಗಿಡ್ಡ ಮಾಡಿಕೊಳ್ಳುವುದಿಲ್ಲವೇ ಎಂದು ಕೇಳಿದರೆ, ಮಾಡಿಕೊಳ್ಳುತ್ತಾನೆ. ಮಾತು ಅದನ್ನು ತಡೆಯಲಾರದು. ಆದರೂ ಒಂದು ಮಾತನ್ನು ಶ್ರೀಗಳವರ ಅಪ್ಪಣೆ ಪಡೆದು ಹೇಳುವೆನು. ಕೈಲಾದಷ್ಟು ಎಂದು ಕೇಳಿ ತೆಗೆದುಕೊಂಡ ಮೇಲೆ, ಇಂಥವರು ಇಷ್ಟು ಸಾವಿರ ಕೊಟ್ಟರೆಂದು ಗೋಡೆಯ ಕಲ್ಲಿನಲ್ಲಿ ಕೊರೆಯಿಸಿದರೆ ಹಿಡಿ ಜೋಳ ಕೊಟ್ಟ ಮುದುಕಿಯ ಕೈಗೆ ಆ ಕಲ್ಲಿನಲ್ಲಿ ಸ್ಥಳವಿರುವುದಿಲ್ಲ. ಕೇಳುವಾಗ ಒಂದು ಭಾಷೆ, ಬರೆಯುವಾಗ ಒಂದು ಭಾಷೆ ಆಗಬಾರದು.

ಈ ಬಗೆಯ ಮಾತನ್ನು ಆಚರಣೆಯಲ್ಲಿ ತೋರಿಸಿದವರು ಆಯ್ದಕ್ಕಿ ಲಕ್ಕಮ್ಮನವರು. ಕಥೆಯು ತಮಗೆಲ್ಲ ತಿಳಿದದ್ದೇ. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ದಂಪತಿಗಳು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮನವರು ಅದನ್ನು ಗುರುತಿಸಿ, ಹೆಚ್ಚಾದದ್ದು ನಮ್ಮದಲ್ಲ, ತಂದಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ತಿರುಗಿಸಿ ಕಳಿಸಿದರು. ಇಲ್ಲಿ ನಾನು ಕೇಳುವುದಿಷ್ಟು: ಆ ತಾಯಿಯ ಕೈಯಲ್ಲಿ ಯಾವ ತಕ್ಕಡಿ ಇತ್ತು? ಮನೆಗೆ ಇಂತಿಷ್ಟು ಸೇರೆಂಬ ಕಟ್ಟಳೆಯನ್ನು ಕಥೆಯು ಹೇಳುವುದಿಲ್ಲ. 'ಸಾಕು' ಎಂಬ ಒಂದು ಮಾತು ಮಾತ್ರ ಇತ್ತು. ಯೂಬುಲಿಡೀಸನು ಎದುರಿಗಿದ್ದರೆ, ಒಂದು ಕಾಳು ಹೆಚ್ಚಾದರೆ ಸಾಕು ಎಂಬುದು ಕೆಡುವುದೇ ಎಂದು ಕೇಳುತ್ತಿದ್ದನು. ಒಂದು ಕಾಳಿನಿಂದ ಕೆಡದು. ಒಂದು ಉಡಿಯಿಂದ ಕೆಡುವುದು. ಎರಡರ ನಡುವೆ ಎಲ್ಲಿ ಎಂಬುದನ್ನು ಲಕ್ಕಮ್ಮನವರೂ ಹೇಳಲಾರರು. ಹೇಳಬೇಕಾದ ಅವಶ್ಯವೂ ಇರಲಿಲ್ಲ. ಮಾತಿಗೆ ಅಂಚಿಲ್ಲದಿದ್ದರೂ ಅದನ್ನು ಮೀರಿದ್ದು ಅವರಿಗೆ ಗೊತ್ತಾಯಿತು.

ಈ ಕಥೆಯ ಮೇಲಿಂದ ನನಗೆ ತೋರುವುದು ಹೀಗೆ. ಅಂಚಿಲ್ಲದ ಮಾತಿನಲ್ಲಿ ಯಾವಾಗಲೂ ಒಂದಿಷ್ಟು ಖಾಲಿ ಜಾಗ ಉಳಿದಿರುತ್ತದೆ. ಅದನ್ನು ತುಂಬುವವರು ಯಾರು, ತುಂಬಿದ ಭಾರ ಯಾರ ಹೆಗಲಿಗೆ ಬೀಳುವುದು ಎಂದು ನೋಡಬೇಕು. ಲಕ್ಕಮ್ಮನವರು 'ಸಾಕು' ಎಂಬುದನ್ನು ತಮ್ಮ ಮೇಲೆಯೇ ಬಿಗಿದುಕೊಂಡರು. ಕಚೇರಿಯಿಂದ ಬರುವ ಕಾಗದದಲ್ಲಿ 'ಶೀಘ್ರದಲ್ಲಿಯೇ ಪರಿಶೀಲಿಸಲಾಗುವುದು', 'ಸೂಕ್ತ ಕ್ರಮ ಕೈಕೊಳ್ಳಲಾಗುವುದು' ಎಂದಿರುವಾಗ ಶೀಘ್ರವೆಂದರೆಷ್ಟು, ಸೂಕ್ತವೆಂದರೇನು ಎಂಬುದನ್ನು ನಿಶ್ಚಯಿಸುವವನು ಬರೆದವನು. ಕಾಯುವ ಭಾರ ಓದಿದವನದು. ಸಾಲ ಕೇಳಲಿಕ್ಕೆ ಬಂದ ನೆಂಟನಿಗೆ 'ನೋಡೋಣ' ಎನ್ನುವ ನಮ್ಮ ಮಾತೂ ಬಹಳ ಬೇರೆಯದಲ್ಲ.

ಈಗ ನಮ್ಮ ಕಾಡಿಗೆ ಬರುತ್ತೇನೆ. 1927ರ ಭಾರತೀಯ ಅರಣ್ಯ ಕಾಯಿದೆಯು ಬಹಳ ಮಾತುಗಳಿಗೆ ಅರ್ಥ ಕಟ್ಟಿತು. ಮರವೆಂದರೆ ಬಿದಿರು, ಬೆತ್ತ, ಮೋಟು ಕೂಡ ಸೇರಿತೆಂದಿತು. ದನವೆಂದರೆ ಆನೆ, ಒಂಟೆ, ಹಂದಿಗಳೂ ಸೇರಿದವೆಂದಿತು. ಆದರೆ ಅರಣ್ಯವೆಂದರೇನು ಎಂಬುದನ್ನು ಮಾತ್ರ ಹೇಳಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯೂ ಹೇಳಲಿಲ್ಲ. ಕಡೆಗೆ ಗೋದವರ್ಮನ್ ತಿರುಮುಲ್ಪಾಡರ ಮೊಕದ್ದಮೆಯಲ್ಲಿ 1996ನೆಯ ಡಿಸೆಂಬರ 12ರಂದು ಸರ್ವೋಚ್ಚ ನ್ಯಾಯಾಲಯವು, ಅರಣ್ಯವೆಂಬ ಮಾತನ್ನು ನಿಘಂಟಿನ ಅರ್ಥದಲ್ಲಿಯೇ ತಿಳಿಯಬೇಕು, ಭೂಮಿಯ ಒಡೆತನ ಯಾರದೇ ಇರಲಿ ಎಂದು ಆಜ್ಞಾಪಿಸಿತು. ನಿಘಂಟು ಏನು ಮಾಡೀತು? ಕಾಡೆಂದರೆ ದಟ್ಟವಾಗಿ ಮರ ಬೆಳೆದ ವಿಸ್ತಾರವಾದ ಪ್ರದೇಶವೆನ್ನುತ್ತದೆ. ದಟ್ಟವೆಂದರೆಷ್ಟು, ವಿಸ್ತಾರವೆಂದರೆಷ್ಟು? ಒಂದು ಮಸುಕು ಮಾತಿಗೆ ಎರಡು ಮಸುಕು ಮಾತುಗಳು ಜಾಮೀನು ನಿಂತಂತಾಯಿತು.

ಇದನ್ನು ನಗೆಯಾಡಲಿಕ್ಕೆ ಹೇಳುತ್ತಿಲ್ಲ. ಆ ಆಜ್ಞೆಯಿಂದ ಆದ ಉಪಕಾರ ದೊಡ್ಡದು. ದಫ್ತರದಲ್ಲಿ ಅರಣ್ಯವೆಂದು ಬರೆದಿಲ್ಲವಾದ್ದರಿಂದ ಇದು ಅರಣ್ಯವಲ್ಲವೆಂದು ಮರಕ್ಕೆ ಕೊಡಲಿ ಹಾಕುವವರ ವಾದವು ಅದರಿಂದ ಮುರಿಯಿತು. ಕಾಡು ದಫ್ತರದಲ್ಲಿಲ್ಲದಿದ್ದರೂ ನೆಲದ ಮೇಲೆ ಇದೆಯೆಂದು ಕಾಣಲಿಕ್ಕೆ ಅಂಚಿಲ್ಲದ ಮಾತೇ ಬೇಕಾಯಿತು. ಆದರೆ ಅದೇ ಮಾತು ಕರ್ನಾಟಕದಲ್ಲಿ ಪರಿಭಾವಿತ ಅರಣ್ಯವೆಂಬ ಹೆಸರಿನಿಂದ ಹಳ್ಳಿಗಳಿಗೆ ಬಂದಾಗ, ತಲೆತಲಾಂತರದಿಂದ ಉತ್ತ ನೆಲವೂ ಊರಿನ ಗೋಮಾಳವೂ ಕಾಡಿನ ಪಟ್ಟಿಯೊಳಗೆ ಸೇರಿವೆಯೆಂಬ ಕೂಗೆದ್ದಿತು. ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಎಂದು ಗುರುತಿಸಿದ್ದು 2022ರಲ್ಲಿ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ಯಾವ ಮರವೂ ನಡೆದು ಹೋಗಲಿಲ್ಲ. ಮಾತಿನ ಗಡಿ ಸರಿದಾಡಿತು, ಅಷ್ಟೇ. 2023ರಲ್ಲಿ ಕಾಯಿದೆಯನ್ನು ತಿದ್ದಿ ಅದರ ವ್ಯಾಪ್ತಿಯನ್ನು ದಾಖಲೆಗಳಿಗೆ ಹೆಚ್ಚಾಗಿ ಕಟ್ಟಲಾಯಿತು. 2024ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಧ್ಯಂತರ ಆಜ್ಞೆಯಿಂದ 1996ರ ಅರ್ಥವನ್ನೇ ಹಿಡಿದು ನಡೆಯಬೇಕೆಂದಿತು.

ಹಾಗಾದರೆ ಅಂಕಿಯನ್ನೇ ಹಾಕಿಬಿಟ್ಟರೆ ನ್ಯಾಯ ದೊರೆಯುವುದೇ? ಅದನ್ನೂ ಈ ಸೀಮೆ ಕಂಡಿದೆ. 2006ರ ಅರಣ್ಯ ಹಕ್ಕು ಕಾಯಿದೆಯು, ಪರಿಶಿಷ್ಟ ವರ್ಗದವರಲ್ಲದ ಅರಣ್ಯವಾಸಿಗಳು 2005ನೆಯ ಡಿಸೆಂಬರ 13ಕ್ಕೆ ಹಿಂದೆ ಮೂರು ತಲೆಮಾರು ಅಲ್ಲಿ ವಾಸವಾಗಿದ್ದು, ಜೀವನಕ್ಕಾಗಿ ಕಾಡನ್ನು ಅವಲಂಬಿಸಿರಬೇಕೆಂದು ವಿಧಿಸಿತು. ತಲೆಮಾರೆಂದರೆ 25 ವರ್ಷವೆಂದು ಅರ್ಥ ಕಟ್ಟಿತು. ತಲೆಮಾರು ಎಂಬಷ್ಟು ಮೆತ್ತನೆಯ ಮಾತು ಕನ್ನಡದಲ್ಲಿ ವಿರಳ. ಅದರೊಳಗೆ ಅಜ್ಜನ ಬೆನ್ನು, ಅಪ್ಪನ ಬೆವರು, ಮಗನ ಹೆಸರು ಎಲ್ಲವೂ ಇರುತ್ತವೆ. ಅದನ್ನು ಮೂರು ಸಲ ಮಡಚಿ 75 ಎಂದು ಮೊಹರು ಒತ್ತಿದ ಕೂಡಲೆ, 1930ರ ಆಚೆಯವನು ಹಕ್ಕುದಾರ, ಈಚೆಯವನು ಅತಿಕ್ರಮಣದಾರನಾದನು. ಅದೇ 1930ರಲ್ಲಿ ಈ ಜಿಲ್ಲೆಯ ಜನರು ಜಂಗಲ್ ಸತ್ಯಾಗ್ರಹ ಮಾಡಿ ಸೆರೆಮನೆಗೆ ಹೋದದ್ದು ಕಾಕತಾಳೀಯವಾದರೂ ಮನಸ್ಸಿಗೆ ನಾಟುವಂತಿದೆ. ನಮ್ಮ ಸಿದ್ದಿ ಬಂಧುಗಳು 2003ರಲ್ಲಿ ಪರಿಶಿಷ್ಟ ವರ್ಗಕ್ಕೆ ಸೇರಿದ್ದರಿಂದ ಅವರಿಗೆ ಈ 75ರ ಬೇಲಿ ಅಡ್ಡ ಬರಲಿಲ್ಲ. ಆಗ ಆ ಪಟ್ಟಿಯಲ್ಲಿಲ್ಲದ, ಎಮ್ಮೆಗಳನ್ನು ಹೊಡೆದುಕೊಂಡು ಮೇವಿದ್ದಲ್ಲಿ ಗುಡಿಸಲು ಹಾಕಿ ಬಾಳಿದ ಗೌಳಿಗಳಿಗೆ ಬಂದಿತು. ಅವರನ್ನು ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿದರೆ, 'ಇಲ್ಲಿ' ಎಂಬ ಮಾತಿಗೇ ಅವರ ಬಾಳಿನಲ್ಲಿ ಅಂಚಿಲ್ಲ.

ಆದರೆ ಈ ಕಾಯಿದೆಯ ಕೆಳಗೆ 2008ರಲ್ಲಿ ಮಾಡಿದ ನಿಯಮಗಳಲ್ಲಿ ಒಂದು ಸಣ್ಣ ಕಿಂಡಿಯುಂಟು. ಸರಕಾರಿ ಕಾಗದಗಳಲ್ಲದೆ ಮನೆ, ಗುಡಿಸಲು, ಬದುವು ಮೊದಲಾದ ನೆಲದ ಗುರುತುಗಳನ್ನೂ, ವಂಶಾವಳಿಯನ್ನೂ, ಹಕ್ಕು ಬೇಡುವವರನ್ನು ಬಿಟ್ಟು ಬೇರೆ ಹಿರಿಯರ ಹೇಳಿಕೆಯನ್ನು ಬರೆದುಕೊಂಡದ್ದನ್ನೂ ಸಾಕ್ಷ್ಯವೆಂದು ತೆಗೆದುಕೊಳ್ಳತಕ್ಕದ್ದೆಂದು ಅಲ್ಲಿ ಇದೆ. ಅಂಕಿಯ ಕೋಟೆ ಕಟ್ಟಿದವರೇ, ಅದರ ಬಾಗಿಲು ಕಾಯಲಿಕ್ಕೆ ಮತ್ತೆ ಅಜ್ಜನ ಮಾತನ್ನು ಕರೆಯಬೇಕಾಯಿತು.

ಇಲ್ಲಿ ಕುಳಿತ ಓದಿದ ತರುಣರಲ್ಲಿ ಕೆಲವರು ಇಂಥ ಅರ್ಜಿಗಳನ್ನು ಬರೆದುಕೊಡಲಿಕ್ಕೆ ಹೋಗುವವರಿರಬಹುದು. ಅವರಿಗೆ ನನ್ನ ವಿಜ್ಞಾಪನೆ ಇದು. ಹಿರಿಯನು ಬಂದು, 'ಆ ಹುಣಸೆ ಇವರಜ್ಜ ಹಚ್ಚಿದ್ದು; ನನ್ನ ಮದಿವ್ಯಾಗ ಅದರ ಕಾಯಿ ತಿಂದೀವಿ' ಎನ್ನುತ್ತಾನೆಂದು ಇಟ್ಟುಕೊಳ್ಳಿರಿ. ಬರೆಯುವವನಿಗೆ ಅವಸರ, ಅದನ್ನು ಹೊಡೆದುಹಾಕಿ, 'ಸದರಿಯವರು 75 ವರ್ಷಗಳಿಂದ ಸ್ವಾಧೀನದಲ್ಲಿರುತ್ತಾರೆ' ಎಂದು ಬರೆದು ಹೆಬ್ಬೆಟ್ಟು ಒತ್ತಿಸುತ್ತಾನೆ. ನೂರು ಅರ್ಜಿಗಳಲ್ಲಿ ಅದೇ ವಾಕ್ಯ, ಅದೇ ಅಂಕಿ. ಪರಿಶೀಲಿಸುವವನು ಅವನ್ನೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವೆಂದು ಬದಿಗಿಡುತ್ತಾನೆ. ಹಿರಿಯನನ್ನು ಕರೆದು ಎಪ್ಪತ್ತೈದು ಎಂಬುದು ಹೇಗೆ ಗೊತ್ತೆಂದು ಕೇಳಿದರೆ ಆತನು ಬಾಯಿ ಬಿಡಲಾರನು. ಅದು ಆತನ ಮಾತೇ ಅಲ್ಲವಷ್ಟೆ.

ಹುಣಸೆಯ ಮಾತನ್ನು ಹೇಳಿದಂತೆಯೇ ಬರೆದುಕೊಳ್ಳಿರಿ. ಆಮೇಲೆ ಕೇಳಿರಿ: ಮದುವೆ ಯಾವಾಗ ಆಯಿತು, 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದದ ಕಾರಖಾನೆಗಿಂತ ಮೊದಲೋ ಆಮೇಲೋ? ಸೂಪಾದ ಆಣೆಕಟ್ಟು ಏಳುವಾಗ ಹಿರಿಯ ಮಗನು ದನ ಕಾಯುವಷ್ಟು ದೊಡ್ಡವನಾಗಿದ್ದನೋ, ತೊಟ್ಟಿಲಲ್ಲಿದ್ದನೋ? ಮರದ ಮಗ್ಗುಲಿನ ಬಾವಿಯನ್ನು ತೋಡಿದವರು ಯಾರು? ಸಮಾಧಿಗಳು ಯಾವ ಕಡೆಗಿವೆ, ಯಾರು ಯಾರವು? ಆತನು ಕೊಂಕಣಿಯಲ್ಲಿಯೋ ಮರಾಠಿಯಲ್ಲಿಯೋ ಹೇಳಿದರೆ ಆ ಮಾತನ್ನೂ ಬರೆದು ಕೆಳಗೆ ಕನ್ನಡವನ್ನು ಬರೆಯಿರಿ. ಆತನು 'ಸುಮಾರು' ಎಂದಲ್ಲಿ ಸುಮಾರು ಎಂದೇ ಇರಲಿ. 'ನೆನಪಿಲ್ಲ' ಎಂದದ್ದೂ ಇರಲಿ. ಒಂದು ಹೇಳಿಕೆಗೆ ಅರ್ಧ ದಿನ ಹಿಡಿದೀತು. ಹಳ್ಳಿಗೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗಿರಿ, ಮತ್ತು ಆ ಹುಣಸೆಯ ಬುಡದ ಸುತ್ತಳತೆಯನ್ನು ಹಿಡಿಯಲಿಕ್ಕೆ ಒಂದು ಹಗ್ಗವನ್ನೂ ಒಯ್ಯಿರಿ.